ಮನೆ ಅವರದು, ಪುರಾವೆ ನಮ್ಮದು

ಇಂಗ್ಲೆಂಡಿನಲ್ಲಿ ಮನೆ ಕೊಳ್ಳಹೊರಟ ನಮ್ಮ ಹುಡುಗನಿಗೆ ಒಂದು ದಿನ ಏಜೆಂಟ್ ಫೋನ್ ಮಾಡಿ, ನಿಮ್ಮ ಆಫರ್ ಒಪ್ಪಿಗೆಯಾಗಿದೆ, ಅಭಿನಂದನೆಗಳು ಎನ್ನುತ್ತಾನೆ. ಸುದ್ದಿ ದಾವಣಗೆರೆಗೆ ಮುಟ್ಟುತ್ತದೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚು ಸವೆಸಿ ಪಳಗಿದ, ನಿವೃತ್ತ ಮೇಷ್ಟ್ರಾದ ಅಪ್ಪ ಮಾತ್ರ, ‘ಅಡ್ವಾನ್ಸ್ ಎಷ್ಟು ಕೊಟ್ಟಿ? ಅಗ್ರಿಮೆಂಟ್ ಆಗೈತಾ?’ ಎಂದು ಕೇಳುತ್ತಾರೆ. ಎರಡೂ ಇಲ್ಲ. ‘ಹಂಗಾದ್ರ ಏನೂ ಆಗಿಲ್ಲ ಬಿಡು.’

ಅಲ್ಲಿನ ವಕೀಲರು ಫೀಸು ಇಸಿದುಕೊಂಡು ಹೇಳುವ ಕಾನೂನನ್ನು ಅಪ್ಪ ಪುಕ್ಕಟೆ ಹೇಳಿದರು. 1989ರ ಕಾಯ್ದೆಯ ಪ್ರಕಾರ ಮನೆ, ಜಮೀನಿನ ಒಪ್ಪಂದ ಬರವಣಿಗೆಯಲ್ಲಿರಬೇಕು, ಸಹಿ ಬಿದ್ದಿರಬೇಕು. ಅಲ್ಲಿಯತನಕ ಮಾರುವ ದೊರೆ ನಾಲ್ಕು ಪೌಂಡ್ ಹೆಚ್ಚು ತೋರಿಸಿದವನ ಕಡೆಗೆ ನಗುನಗುತ್ತಾ ವಾಲಬಹುದು. ಇದಕ್ಕೆ ಗಜಂಪಿಂಗ್ ಎನ್ನುತ್ತಾರೆ. ಅದು ಅಪರಾಧವಲ್ಲ, ಅಸಭ್ಯತೆ ಅಷ್ಟೇ. ಆ ಹೊತ್ತಿಗೆ ಹುಡುಗ ಸರ್ವೇಯರ್‌ಗೂ ವಕೀಲರಿಗೂ ತೆತ್ತ ದುಡ್ಡು ಥೇಮ್ಸ್ ಪಾಲು.

ಸಹಿಯ ದಿನಕ್ಕೆ ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟು ಕೈಯಲ್ಲಿರಬೇಕು. ಅಪ್ಪ ಒಂದು ಸೈಟು ಮಾರಿ ಕಳಿಸುತ್ತಾರೆ. ತಕ್ಷಣ ವಕೀಲರಿಂದ ಪ್ರಶ್ನೆಗಳು. ಈ ಹಣ ಎಲ್ಲಿಂದ ಬಂತು? ಸೈಟಿನ ಕ್ರಯಪತ್ರ ಕೊಡಿ. ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಮಾಡಿಸಿ. ಪಾಸ್‌ಬುಕ್ ಕೊಡಿ, ಪಿಂಚಣಿ ಆದೇಶ ಕೊಡಿ. ಜೊತೆಗೆ, ಇದು ಸಾಲವಲ್ಲ, ಉಡುಗೊರೆ, ಮಗನ ಮನೆಯಲ್ಲಿ ನನಗೆ ಯಾವ ಹಕ್ಕೂ ಬೇಡ ಎಂದು ಅಪ್ಪ ಬರೆದು ಸಹಿ ಹಾಕಬೇಕು. ಕಪ್ಪುಹಣ ತಡೆಯಬೇಕಲ್ಲವೇ? ಖಂಡಿತ ತಡೆಯಬೇಕು. ಆದರೆ ಅದೇ ಲಂಡನ್ನಿನಲ್ಲಿ, ಯಾವುದೋ ದ್ವೀಪದಲ್ಲಿ ನೋಂದಾಯಿಸಿದ ಕಂಪನಿಯ ಹೆಸರಲ್ಲಿ ಬಂಗಲೆ ಕೊಂಡವರು ಯಾರೆಂದು ದಶಕಗಳ ಕಾಲ ಯಾರೂ ಕೇಳಿರಲಿಲ್ಲ. ನಿಜವಾದ ಮಾಲೀಕರ ಹೆಸರು ಬರೆಸಬೇಕೆಂಬ ಕಾಯ್ದೆ ಬಂದದ್ದು 2022ರಲ್ಲಿ, ರಷ್ಯಾ ಉಕ್ರೇನಿನ ಮೇಲೆ ಬಿದ್ದ ಮೇಲೆ, ತರಾತುರಿಯಲ್ಲಿ. ನಿವೃತ್ತ ಮೇಷ್ಟ್ರ ಪಾಸ್‌ಬುಕ್ಕಿನ ಬಗ್ಗೆ ಆ ದೇಶಕ್ಕಿದ್ದ ಎಚ್ಚರ ಶತಕೋಟ್ಯಧಿಪತಿಗಳ ಮೇಲೆ ತಿರುಗಲು ಒಂದು ಯುದ್ಧ ಬೇಕಾಯಿತು.

ಇನ್ನು ಮಾರುವವರ ಪುರಾವೆ. ಅವರಿಗೂ ಒಂದು ಪ್ರಶ್ನಾವಳಿ ಇದೆ. ಗೋಡೆ, ಗಟಾರಗಳ ಬಿರುಕಿಗೆ ನುಗ್ಗಿ ಬೆಳೆಯುವ ಜಪಾನೀ ನಾಟ್‌ವೀಡ್ ಎಂಬ ಕಳೆ ನಿಮ್ಮ ಹಿತ್ತಲಲ್ಲಿ ಇದೆಯೇ? ಉತ್ತರಕ್ಕೆ ಮೂರು ಚೌಕ: ಹೌದು, ಇಲ್ಲ, ಗೊತ್ತಿಲ್ಲ. ಇಪ್ಪತ್ತು ವರ್ಷ ಅದೇ ಹಿತ್ತಲಲ್ಲಿ ಗುಲಾಬಿ ಬೆಳೆಸಿ ಚಹಾ ಕುಡಿದವರು ಮೂರನೆಯದಕ್ಕೆ ಗುರುತು ಹಾಕುತ್ತಾರೆ. ನೀವು ಹಣ ಕೊಟ್ಟು ಕರೆಸಿದ ಸರ್ವೇಯರ್ ಮಹಾಶಯನೂ ಕಡಿಮೆಯಿಲ್ಲ. ನೆಲದ ಮೇಲೆ ಕಾರ್ಪೆಟ್ ಇದ್ದದ್ದರಿಂದ ನೆಲ ನೋಡಲಾಗಲಿಲ್ಲ, ತಜ್ಞರನ್ನು ಕರೆಸಿ ಎಂದು ಬರೆದು ಹೋಗುತ್ತಾನೆ. ಇವನು ಮತ್ಯಾರು?

ಹಳೆಯ ಚರ್ಚಿನ ಜಮೀನಾಗಿದ್ದರೆ ಆ ಚರ್ಚಿನ ಜೀರ್ಣೋದ್ಧಾರವೂ ನಿಮ್ಮ ತಲೆಗೇ ಬರಬಹುದು. ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯ ಚರ್ಚಿನ ದುರಸ್ತಿ ಖರ್ಚನ್ನು ಒಬ್ಬ ರೈತ ದಂಪತಿಯೇ ಹೊರಬೇಕೆಂದು 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಬಿಲ್ಲು ಸುಮಾರು ಒಂದು ಲಕ್ಷ ಪೌಂಡ್. ನಮ್ಮೂರ ಗುಡಿಯವರು ರಸೀದಿ ಪುಸ್ತಕ ಹಿಡಿದು ಬಂದರೆ ಬಾಗಿಲು ಹಾಕಿಕೊಳ್ಳುವ ಹುಡುಗ ಅಲ್ಲಿ ಇದಕ್ಕೆಂದೇ ವಿಮೆ ಮಾಡಿಸುತ್ತಾನೆ.

ಕೊನೆಗೆ ಸಹಿಯಾದ ಪ್ರತಿಗಳನ್ನು ಕೈಯಲ್ಲಿಟ್ಟುಕೊಂಡು ಇಬ್ಬರು ವಕೀಲರು ಫೋನಿನಲ್ಲಿ ‘ಫಾರ್ಮುಲಾ ಬಿ’ ಎಂದುಕೊಂಡರೆ ಮುಗಿಯಿತು, ಒಪ್ಪಂದ ಬಿಗಿಯಿತು. ಮಾರಿದವರ ಮುಖವನ್ನು ಕೊಂಡವರು ನೋಡಬೇಕೆಂದೇ ಇಲ್ಲ. ಮುದ್ರಾಂಕ ಶುಲ್ಕ ಕೊಂಡವರದೇ. ದೇಶದ ನಿವಾಸಿಯಲ್ಲದಿದ್ದರೆ 2021ರಿಂದ ಶೇ. 2 ಹೆಚ್ಚುವರಿ.

ಇಷ್ಟಾಗಿ ಕೊಂಡದ್ದು ಫ್ಲ್ಯಾಟ್ ಆದರೆ ಅದು ಬಹುತೇಕ ಗುತ್ತಿಗೆ, 99 ಅಥವಾ 125 ವರ್ಷಕ್ಕೆ. ಬೆಂಗಳೂರಿನ ದಂಡು ಪ್ರದೇಶವನ್ನು 1947ರಲ್ಲಿ ಮೈಸೂರಿಗೆ ಬಿಟ್ಟುಕೊಟ್ಟು ಹೋದವರು ತಮ್ಮ ಊರಲ್ಲಿ ಅಂಥ ಔದಾರ್ಯ ತೋರುವುದಿಲ್ಲ. ನೆಲದ ಒಡೆಯ ಬೇರೆ, ಅವನ ಷರತ್ತುಗಳು ಬೇರೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ, ನಾಯಿ ಸಾಕುವಂತಿಲ್ಲ, ಕಾರ್ಪೆಟ್ ಕಿತ್ತು ಮರದ ನೆಲ ಹಾಸುವಂತಿಲ್ಲ. ಹಾಸಲೇಬೇಕೆಂದರೆ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ಆ ಅರ್ಜಿಯಲ್ಲಿ ‘ಗೊತ್ತಿಲ್ಲ’ ಎಂಬ ಚೌಕ ಇರುವುದಿಲ್ಲ.