260ಕ್ಕೆ ನಿಂತ ಕಡತ

ಹುಮನಾಬಾದಿನಲ್ಲಿ ಒಂದು ಕಚೇರಿ ಇದೆ ಅಂದುಕೊಳ್ಳಿ. ಅಲ್ಲಿನ ಕಂಪ್ಯೂಟರ್ ಕೈಕೊಟ್ಟಿತು, ಹೊಸದು ಬಂತು. ಬ್ಯಾಕಪ್ ಇದ್ದ ಹಾರ್ಡ್ ಡಿಸ್ಕನ್ನು ಬೀರುವಿನಿಂದ ಇಳಿಸಿ, ಒರೆಸಿ, ಜೋಡಿಸಿದ್ದಾಯಿತು. ಫೈಲುಗಳೆಲ್ಲ ವಾಪಸು ಬಂದವು. ಆದರೆ ತೆರೆಯಲಾಗದು, ಅಳಿಸಲೂ ಆಗದು. ಹೆಸರು ಉದ್ದವಾಯಿತು ಎನ್ನುತ್ತದೆ ಪರದೆ.

"ಫೈಲ್ ಅದಾವ್ರೀ ಸಾಹೇಬ್ರ, ಕೈಗಿ ಸಿಗವಲ್ಲವು" ಎಂದ ಆಪರೇಟರ್. ಸಾಹೇಬರು ಗಾಬರಿಯಾಗಲಿಲ್ಲ. ಆ ಕಚೇರಿಯಲ್ಲಿ ಕಡತಗಳು ಇರುವುದೇ ಹಾಗೆ.

ವಿಂಡೋಸ್‌ನದು ಹಳೆಯ ಕಟ್ಟಳೆ: ಡ್ರೈವ್ ಅಕ್ಷರದಿಂದ ಹಿಡಿದು ಕಡೆಯ ಫೈಲಿನ ಹೆಸರಿನವರೆಗೆ ಇಡೀ ವಿಳಾಸ 260 ಚಿಹ್ನೆಗಳೊಳಗೆ ಮುಗಿಯಬೇಕು. 2016ರಲ್ಲಿ ವಿಂಡೋಸ್ 10ಕ್ಕೆ ಇದನ್ನು ಸಡಿಲಿಸುವ ದಾರಿಯೇನೋ ಬಂತು. ಫೋಲ್ಡರು ತೆರೆದು ತೋರಿಸುವ ಎಕ್ಸ್‌ಪ್ಲೋರರ್ ಮಾತ್ರ ಆ ಸುತ್ತೋಲೆ ತನಗೆ ತಲುಪಿಯೇ ಇಲ್ಲವೆಂದು ಕೂತಿದೆ. ಬ್ಯಾಕಪ್ ತಂತ್ರಾಂಶಕ್ಕೆ ಹಿತ್ತಿಲ ಬಾಗಿಲು ಗೊತ್ತು, ಅಲ್ಲಿ 32 ಸಾವಿರ ಚಿಹ್ನೆಗಳವರೆಗೂ ನಡೆಯುತ್ತದೆ. ಒಳಗೆ ತಂದು ಬಿಟ್ಟು ಹೋಗುತ್ತದೆ. ಮುಂಬಾಗಿಲಲ್ಲಿ ನಿಂತವರು ನಾವು.

ಕನ್ನಡದಲ್ಲಿ ಹೆಸರಿಟ್ಟರಂತೂ ಲೆಕ್ಕ ಇನ್ನೂ ದುಬಾರಿ. ಒತ್ತು, ಕಾಗುಣಿತ ಎಲ್ಲಕ್ಕೂ ಯಂತ್ರ ಬೇರೆ ಬೇರೆ ಸುಂಕ ಹಾಕುತ್ತದೆ. ಬಸವಕಲ್ಯಾಣ ನಮ್ಮ ಕಣ್ಣಿಗೆ ಆರಕ್ಷರ, ಅದಕ್ಕೆ ಒಂಬತ್ತು. ಹುಮನಾಬಾದ್ ಐದು, ಅದೂ ಒಂಬತ್ತೇ.

ಇಷ್ಟಾದರೂ ತಪ್ಪು ಯಂತ್ರದ್ದಲ್ಲ. ಆ ಫೋಲ್ಡರುಗಳನ್ನೊಮ್ಮೆ ನೋಡಿ: 'ಹೈದರಾಬಾದ್ ಕರ್ನಾಟಕ ಈಗಿನ ಕಲ್ಯಾಣ ಕರ್ನಾಟಕ', ಅದರೊಳಗೆ 'ಕಲಬುರಗಿ ವಿಭಾಗ', ಅದರೊಳಗೆ 'ಬೀದರ್ ಜಿಲ್ಲೆ', ಮತ್ತೆ ಒಳಗೆ 'ಹುಮನಾಬಾದ್ ತಾಲ್ಲೂಕು ಚಿಟಗುಪ್ಪಾ ಸೇರಿ'. 2019ರಲ್ಲಿ ಪ್ರದೇಶದ ಹೆಸರು ಬದಲಾಯಿತು, ಅದಕ್ಕೂ ಮೊದಲೇ ಚಿಟಗುಪ್ಪಾ ಬೇರೆ ತಾಲ್ಲೂಕಾಗಿತ್ತು. ಫೋಲ್ಡರ್ ಯಾವುದನ್ನೂ ಬಿಟ್ಟುಕೊಟ್ಟಿಲ್ಲ. ತಳದಲ್ಲಿ 'ಮಾನ್ಯರ ಆದೇಶದಂತೆ ತಿದ್ದಿದ ಫೈನಲ್ ಇದೇ ಫೈನಲ್'. ಇದೆಲ್ಲವನ್ನೂ ಹೊಸ ಯಂತ್ರದಲ್ಲಿ 'ಹಳೇ ಕಂಪ್ಯೂಟರಿನ ಬ್ಯಾಕಪ್ ಯಾರೂ ಮುಟ್ಟಬಾರದು' ಎಂಬ ಫೋಲ್ಡರಿಗೆ ಇಳಿಸಿದರು. ಮೊದಲೇ ಅಂಚಿನಲ್ಲಿದ್ದ ವಿಳಾಸ ಅಲ್ಲಿಗೆ ಗಡಿ ದಾಟಿತು. ಯಾರೂ ಮುಟ್ಟಬಾರದೆಂಬ ಅಪ್ಪಣೆಯನ್ನು ಈ ಕಚೇರಿಯಲ್ಲಿ ಅಕ್ಷರಶಃ ಪಾಲಿಸಿದ್ದು ಅದೊಂದೇ ಫೋಲ್ಡರ್.

ಇದೇ ಜಿಲ್ಲೆಯ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದ ವಚನಕಾರರು ನಾಲ್ಕಾರು ಸಾಲಿನಲ್ಲಿ ಮಾತು ಮುಗಿಸುತ್ತಿದ್ದರು. ಯಾರದೆಂಬ ಗುರುತು, ಅಂಕಿತ, ವಚನದ ಒಳಗೇ ಇರುತ್ತಿತ್ತು. ತಾಳೆಗರಿ ಯಾವ ಮಠದ, ಯಾರ ಮನೆಯ ಮೂಲೆಯಲ್ಲಿ ಸಿಕ್ಕರೂ, ವಚನಗಳನ್ನು ಹುಡುಕಿ ಸಂಗ್ರಹಿಸಿದ ಫ.ಗು. ಹಳಕಟ್ಟಿಯವರಿಗೆ ಅದು ದಾರಿ ಹೇಳಿತು. ನಮ್ಮ ಕಡತದಲ್ಲಿ ಗುರುತೆಲ್ಲ ದಾರಿಯಲ್ಲೇ ಮುಗಿಯುತ್ತದೆ. ಒಳಗೆ ತೆರೆದರೆ 'ವಿಷಯ: ಮೇಲ್ಕಂಡಂತೆ'.

ಆಪರೇಟರ್ ಹುಡುಗ ಜಾಣ. ಸಬ್‌ಸ್ಟ್ ಎಂಬ ಒಂದೇ ಆಜ್ಞೆ ಕೊಟ್ಟು, ಮೇಲಿನ ಮೆಟ್ಟಿಲುಗಳನ್ನೆಲ್ಲ ಕೆ ಎಂಬ ಒಂದು ಡ್ರೈವ್ ಅಕ್ಷರದಡಿ ಮಡಚಿದ. ವಿಳಾಸ ಗಿಡ್ಡವಾಯಿತು, ಫೈಲು ತೆರೆದುಕೊಂಡಿತು. ಸಾಹೇಬರ ಮುಖ ಮಾತ್ರ ಗಂಟಾಯಿತು.

"ಅಲ್ಲೋ ತಮ್ಮಾ, ವಿಭಾಗ, ಜಿಲ್ಲಾ, ನಡುವಿನವರನ್ನೆಲ್ಲ ದಾಟಿ ಫೈಲ್ ನೇರ ನನ್ನ ಟೇಬಲ್ಲಿಗಿ ಬಂತಂದ್ರ ಹೆಂಗ? ಮಂಜೂರಾತಿ ಯಾರು ಕೊಟ್ರು?"

ಟಿಪ್ಪಣಿ ಮೇಲಕ್ಕೆ ಹೋಯಿತು. ಸಬ್‌ಸ್ಟ್ ಉಳಿಯುವುದು ಯಂತ್ರ ಆರಿಸುವವರೆಗೆ, ಹುಡುಗನ ಹೊರಗುತ್ತಿಗೆ ಮಾರ್ಚ್ 31ರವರೆಗೆ. ಟಿಪ್ಪಣಿಗೆ ಉತ್ತರ ಬರುವ ಹೊತ್ತಿಗೆ ಎರಡೂ ಮುಗಿದಿದ್ದವು.