ಮಾವನ ಸೊನ್ನೆ ಖರ್ಚಿನ ವೇಗಸ್

ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಿಗೆ ಮೇ ತಿಂಗಳಲ್ಲಿ ಊರಿನಿಂದ ಹಿರಿಯರು ಬಂದಿಳಿಯುತ್ತಾರೆ. ಅವರಲ್ಲಿ ಹಲವು ಬಗೆ. ಹಿತ್ತಲಲ್ಲಿ ಮೆಂತ್ಯ ಸೊಪ್ಪು ಬಿತ್ತುವವರು, ಸೀರಿಯಲ್ಲು ತಪ್ಪಿತೆಂದು ಕೊರಗುವವರು, ಮಾಲಿನ ಬೆಂಚಿನ ಮೇಲೆ ಕೂತು ಇನ್ನೊಬ್ಬ ಕನ್ನಡದವರು ಕಾಣಿಸಿಯಾರೇ ಎಂದು ಕಾಯುವವರು. ಇನ್ನೊಂದು ಬಗೆಯವರಿದ್ದಾರೆ. ಅವರು ಯಾವ ವಸ್ತುವಿನ ಬೆಲೆ ಕೇಳಿದರೂ ಮೊದಲು ರೂಪಾಯಿಗೆ ಗುಣಿಸುತ್ತಾರೆ, ಆಮೇಲೆ ಎದೆ ಹಿಡಿದುಕೊಳ್ಳುತ್ತಾರೆ. ನಮ್ಮ ಸೋದರಮಾವ ಈ ಪಂಗಡದ ಪೀಠಾಧಿಪತಿ.

ಮಾವ ಜಿಪುಣರೆಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿ ಇವತ್ತಿನವರೆಗೂ ಅದರ ಸುದ್ದಿ ಎತ್ತದವರು ಅವರು. ಆದರೆ ಮೂವತ್ತೈದು ವರ್ಷ ಆಡಿಟ್ ಇಲಾಖೆಯಲ್ಲಿ ಸವೆದ ಜೀವ. ನೋಡುವುದಕ್ಕೆ ದುಡ್ಡು ಕೊಡುವುದು ಅವರ ಲೆಕ್ಕದಲ್ಲಿ ‘ಸಮರ್ಥನೆಯಿಲ್ಲದ ವೆಚ್ಚ’. ಮೈಸೂರಿನಲ್ಲೇ ಹುಟ್ಟಿ ಬೆಳೆದೂ ಅರಮನೆಯನ್ನು ಭಾನುವಾರ ಸಂಜೆಯ ದೀಪದಲ್ಲಿ, ರಸ್ತೆಯಲ್ಲಿ ನಿಂತು ನೋಡಿದವರು. ಹಗಲಲ್ಲಿ ಟಿಕೆಟ್ ಕೊಂಡು ಒಳಗೆ ಹೋಗುವವರ ಮೇಲೆ ಅವರಿಗೆ ಕೋಪವಿಲ್ಲ, ಕನಿಕರವಿದೆ.

ಇಂಥವರನ್ನು ಲಾಸ್ ವೇಗಸ್ಸಿಗೆ ಕರೆದುಕೊಂಡು ಹೋಗುವ ಯೋಚನೆ ನನ್ನದಲ್ಲ, ಅವರದೇ. ಕುಕ್ಕರಹಳ್ಳಿ ಕೆರೆ ಏರಿಯ ವಾಕಿಂಗ್ ಗೆಳೆಯರೊಬ್ಬರು ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿ ಬಂದಿದ್ದರು. ಪುಕ್ಕಟೆ ನೋಡಬಹುದಾದದ್ದನ್ನೆಲ್ಲ ನಾಲ್ಕು ಪುಟ ಬರೆದುಕೊಟ್ಟಿದ್ದರು. “ಅಲ್ಲಯ್ಯ, ಪ್ರಪಂಚದವರೆಲ್ಲ ದುಡ್ಡು ಕಳೆಯೋಕೆ ಹೋಗೋ ಊರು. ಕಳೆಯದೆ ಬಂದರೆ ಅದಕ್ಕಿಂತ ದೊಡ್ಡ ಯಾತ್ರೆ ಉಂಟೇನೋ?” ಎಂದರು ಮಾವ. ಅತ್ತೆ ಪುಳಿಯೋಗರೆ ಗೊಜ್ಜು, ನಲವತ್ತು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡರು. ಸಣ್ಣ ರೈಸ್ ಕುಕ್ಕರ್ ಒಂದು ಟವೆಲಿನಲ್ಲಿ ಸುತ್ತಿಕೊಂಡು ಡಿಕ್ಕಿಯಲ್ಲಿ ಮಲಗಿತು.

ಹೋಟೆಲಿನವರು ರೂಮಿನ ಬಾಡಿಗೆಯ ಮೇಲೆ ‘ರೆಸಾರ್ಟ್ ಫೀ’ ಅಂತ ಇನ್ನೊಂದು ಹಾಕಿದ್ದರು. ಪಾರ್ಕಿಂಗು ಬೇರೆ. ಮೊದಲು ಇಲ್ಲಿ ಎಲ್ಲಿ ಕಾರು ನಿಲ್ಲಿಸಿದರೂ ಕೇಳುವವರಿರಲಿಲ್ಲವಂತೆ. 2016ರಿಂದ ಒಂದೊಂದೇ ಹೋಟೆಲು ಕೈಚಾಚತೊಡಗಿತು. ಇದನ್ನೆಲ್ಲ ನಾನು ಕಾರ್ಡು ಉಜ್ಜಿ ಕಟ್ಟುವಾಗ ಮಾವ ಆ ಕಡೆ ತಿರುಗಿ ಗೋಡೆಯ ಚಿತ್ರ ನೋಡುತ್ತಿದ್ದರು. ಅವರು ಖರ್ಚು ಬರೆದಿಡುವ ಡೈರಿಯ ನಿಯಮ ಸರಳ: ತಾನು ಕೊಡದ್ದು ವೆಚ್ಚವಲ್ಲ.

ಗೆಳೆಯರ ಪಟ್ಟಿಯ ಮೊದಲ ಐಟಮ್ಮೇ ಕೈಕೊಟ್ಟಿತು. ಮಿರಾಜ್ ಹೋಟೆಲಿನ ಮುಂದೆ 1989ರಿಂದ ರಾತ್ರಿ ಹೊತ್ತು ಬೆಂಕಿ ಉಗುಳುತ್ತಿದ್ದ ಕೃತಕ ಜ್ವಾಲಾಮುಖಿ 2024ರ ಜುಲೈನಲ್ಲಿ ಹೋಟೆಲಿನ ಜೊತೆಗೇ ಬಾಗಿಲು ಹಾಕಿದೆ. ಅಲ್ಲೀಗ ಗಿಟಾರ್ ಆಕಾರದ ಕಟ್ಟಡ ಏಳುತ್ತಿದೆ. ಮಾವ ಬೇಲಿಯ ಹತ್ತಿರ ಒಂದು ನಿಮಿಷ ಮೌನವಾಗಿ ನಿಂತರು. ಪೆನ್ನು ತೆಗೆದು ‘ಬಾಕಿ’ ಎಂದು ಬರೆದುಕೊಂಡರು.

ಈ ನಷ್ಟವನ್ನು ಬೆಲಾಜಿಯೋ ಹೋಟೆಲು ತುಂಬಿಕೊಟ್ಟಿತು. ಎಂಟು ಎಕರೆಗೂ ಮಿಕ್ಕಿದ ಕೊಳ, ಸಾವಿರದ ಇನ್ನೂರಕ್ಕೂ ಹೆಚ್ಚು ಚಿಲುಮೆಗಳು, ಹಾಡಿಗೆ ತಕ್ಕಂತೆ ಬಳುಕಿ, ಕೊನೆಗೆ ಪಿರಂಗಿ ಹೊಡೆದ ಹಾಗೆ 460 ಅಡಿ ಎತ್ತರಕ್ಕೆ ಚಿಮ್ಮುವ ನೀರು. ಸಂಜೆಯಾದ ಮೇಲೆ ಕಾಲು ಗಂಟೆಗೊಂದು ಪ್ರದರ್ಶನ. ಒಂದು ನೋಡಿ ಹೊರಡೋಣವೆಂದೆ. “ಮುಂದಿನದಕ್ಕೆ ಬೇರೆ ಹಾಡಂತೆ” ಎಂದರು. ಐದು ಹಾಡಾಯಿತು. “ನಮ್ಮ ಬೃಂದಾವನದಲ್ಲಿ ಗಾಡಿ ನಿಲ್ಲಿಸೋಕೆ ದುಡ್ಡು, ಒಳಗೆ ಹೋಗೋಕೆ ದುಡ್ಡು. ಇಲ್ಲಿ ನೋಡು, ಕಟಕಟೆಗೆ ಒರಗಿ ನಿಂತರೆ ಆಯ್ತು” ಎಂದು ಪಕ್ಕದಲ್ಲಿದ್ದ ಚೀನೀ ದಂಪತಿಗೂ ಕನ್ನಡದಲ್ಲೇ ವಿವರಿಸಿದರು. ಅವರೂ ಕೊಳ ತೋರಿಸಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅವರೂ ಇದೇ ಪಂಗಡದವರೆಂದು ನನಗೆ ಆಗಲೇ ಅನುಮಾನ ಬಂತು.

ಈ ಊರಿನವರು ದಡ್ಡರಲ್ಲ. ಪುಕ್ಕಟೆಯದ್ದರಲ್ಲಿ ಹಲವನ್ನು ಜೂಜುಕಟ್ಟೆಯ ಆಚೆ ದಡದಲ್ಲಿ ಇಟ್ಟಿದ್ದಾರೆ. ಬೆಲಾಜಿಯೋದ ಹೂವಿನ ತೋಟಕ್ಕೆ ನಾವು ಹೋದ ದಾರಿ ಯಂತ್ರಗಳ ಸಾಲಿನ ನಡುವೆಯೇ ಇತ್ತು. ಅಲ್ಲಿ ಕಿಟಕಿಯಿಲ್ಲ, ಗಡಿಯಾರವಿಲ್ಲ. ಹೊತ್ತು ಹೋದದ್ದು ಗೊತ್ತಾಗಬಾರದು. ಹೂವು ನೋಡಲು ಹೊರಟವರಲ್ಲಿ ನಾಲ್ಕು ಜನ ನಡುದಾರಿಯಲ್ಲಿ ಕೂತುಬಿಟ್ಟರೆ ಹೂವಿನ ಖರ್ಚು ಹುಟ್ಟಿತು. ಆದರೆ ಈ ಲೆಕ್ಕ ಹಾಕಿದವರು ಮಾವನನ್ನು ಕಂಡಿರಲಿಲ್ಲ. ಅವರು ಮಡಿಯುಟ್ಟವರು ಮೀನು ಮಾರುಕಟ್ಟೆ ದಾಟುವ ಹಾಗೆ ಕೈಕಾಲು ಮುದುಡಿಕೊಂಡು, ಎಡಬಲ ನೋಡದೆ ನಡೆದರು. ಗಡಿಯಾರದ ಕೊರತೆಯೂ ಅವರಿಗಿರಲಿಲ್ಲ. ಮಣಿಕಟ್ಟಿನ ಎಚ್‌ಎಂಟಿ ವಾಚು ಇನ್ನೂ ಮೈಸೂರಿನ ಹೊತ್ತನ್ನೇ ತೋರಿಸುತ್ತಿತ್ತು. ಬೇಸಿಗೆಯಲ್ಲಿ ಎರಡೂ ಕಡೆಗೆ ಹನ್ನೆರಡೂವರೆ ಗಂಟೆ ವ್ಯತ್ಯಾಸ. “ಅರ್ಧ ಗಂಟೆ ಕಳೆದುಕೊಂಡರೆ ಮುಗೀತು, ತಿರುಗಿಸೋದ್ಯಾಕೆ?”

ತೋಟವನ್ನು ವರ್ಷಕ್ಕೆ ಐದು ಸಲ ಪೂರ್ತಿ ಬದಲಿಸುತ್ತಾರೆ. ನಾವು ಹೋದಾಗ ಬೇಸಿಗೆಯ ಅಲಂಕಾರ. “ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೇ ಟಿಕೆಟ್ ಇದೆ!” ಎಂದು ಮಾವ ಮೂಗಿನ ಮೇಲೆ ಬೆರಳಿಟ್ಟರು. ಅಲ್ಲಿಂದ ಲಾಬಿಗೆ ಬಂದರೆ ಚಾವಣಿಯ ತುಂಬ ಡೇಲ್ ಚಿಹುಲಿ ಎಂಬ ಕಲಾವಿದರ ಗಾಜಿನ ಹೂಗಳು. ಎರಡು ಸಾವಿರ ಇವೆಯೆಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. ಆಡಿಟ್ ಇಲಾಖೆಯ ರಕ್ತ. “ಸ್ಟಾಕ್ ಪರಿಶೀಲನೆ ಆಗಿದೆಯಾ?” ಎಂದವರೇ ಕತ್ತು ಮೇಲೆತ್ತಿ ಎಣಿಸತೊಡಗಿದರು. ಮುನ್ನೂರ ಹನ್ನೊಂದಕ್ಕೆ ಯಾರದೋ ಸೂಟ್‌ಕೇಸು ಕಾಲಿಗೆ ತಾಗಿ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ. ಈ ನಲವತ್ತು ನಿಮಿಷ ಅತ್ತೆ ಎಲ್ಲಿದ್ದರೆಂದು ಆಗ ನಾನು ಗಮನಿಸಲಿಲ್ಲ.

ಮರುದಿನ ವೆನಿಷಿಯನ್. ಅಲ್ಲಿ ಅಂಗಡಿಗಳ ನಡುವೆ ಕಾಲುವೆ, ಕಾಲುವೆಯಲ್ಲಿ ದೋಣಿ, ಮೇಲೆ ಬಣ್ಣ ಬಳಿದ ಆಕಾಶ. ದೋಣಿಗೆ ಒಳ್ಳೆಯ ದುಡ್ಡು. ಅಂಬಿಗ ಹುಟ್ಟು ಹಾಕುತ್ತ ಹಾಡುತ್ತಾನೆ. ಮಾವ ಒಂದು ದೋಣಿಯನ್ನು ಆರಿಸಿಕೊಂಡರು. ಅದು ಹೊರಟ ಕೂಡಲೇ ದಡದ ಮೇಲೆ ಅದೇ ವೇಗದಲ್ಲಿ, ಕೈ ಹಿಂದೆ ಕಟ್ಟಿಕೊಂಡು ಹೊರಟರು. ಸೇತುವೆ ಬಂದರೆ ಆ ಕಡೆಗೆ ಓಡಿ ಕಾದರು. ದೋಣಿಯಲ್ಲಿದ್ದ ಜೋಡಿಗೆ ಮೊದಲು ಮುಜುಗರ, ಆಮೇಲೆ ನಗು. ಕೊನೆಗೆ ಅಂಬಿಗ ದಡದತ್ತ ತಿರುಗಿಯೇ ಹಾಡತೊಡಗಿದ, ಮಾವ ತಲೆದೂಗುತ್ತ ತೊಡೆ ತಟ್ಟಿ ತಾಳ ಹಾಕುತ್ತಿದ್ದರಲ್ಲ. “ಅವರು ಕೂತು ಕೇಳಿದರು, ನಾವು ನಡೆದು ಕೇಳಿದೆವು. ವಾಕಿಂಗೂ ಆಯ್ತು” ಎಂದು ಬೆವರೊರೆಸಿಕೊಂಡರು.

ರಾತ್ರಿ ಸ್ಫಿಯರ್ ಎಂಬ ಗುಂಡು ಕಟ್ಟಡವನ್ನು ದೂರದಿಂದ ನೋಡಿದೆವು. 2023ರಲ್ಲಿ ತೆರೆದದ್ದು, 366 ಅಡಿ ಎತ್ತರ, ಮೈಯೆಲ್ಲ ದೀಪ. ಅದು ಆಗ ಒಂದು ದೊಡ್ಡ ಕಣ್ಣಾಗಿ ಪಿಳಿಪಿಳಿ ಬಿಡುತ್ತಿತ್ತು. “ಇಷ್ಟು ದುಡ್ಡಿನ ಊರಿಗೆ ದೃಷ್ಟಿಬೊಂಬೆ ಬೇಕಲ್ಲ” ಎಂದರು ಅತ್ತೆ. ಆರಿಯಾ ಹೋಟೆಲಿನ ಪುಕ್ಕಟೆ ಟ್ರಾಮಿನಲ್ಲಿ ಆ ತುದಿಯಿಂದ ಈ ತುದಿಗೆ ಮೂರು ಸಲ ಹೋಗಿ ಬಂದೆವು, ಎಲ್ಲಿಗೂ ಹೋಗಬೇಕಾಗಿಲ್ಲದಿದ್ದರೂ. ಫ್ಲೆಮಿಂಗೋ ಹೋಟೆಲಿನ ರಾಜಹಂಸಗಳು ಮಾತ್ರ ಮಾವನಿಗೆ ರುಚಿಸಲಿಲ್ಲ. ಕುಕ್ಕರಹಳ್ಳಿಯ ಹೆಜ್ಜಾರ್ಲೆ ಕಂಡವರಿಗೆ ಬಣ್ಣ ತೋರಿಸಿ ಮರುಳು ಮಾಡಲಾಗದು.

ಮಾವ ಒಮ್ಮೆ ಮಾತ್ರ ಸಿಕ್ಕಿಬಿದ್ದಿದ್ದರು. ಫುಟ್‌ಪಾತಿನಲ್ಲಿ ಎಲ್ವಿಸ್ ವೇಷದವನೊಬ್ಬ ಹೆಗಲ ಮೇಲೆ ಕೈಹಾಕಿ ಫೋಟೋಕ್ಕೆ ನಿಂತ. ನಾನು ಕ್ಲಿಕ್ಕಿಸಿದ್ದೇ ತಡ, ಅಂಗೈ ಚಾಚಿದ. ಇಂಥವರು ದುಡ್ಡಿಲ್ಲದೆ ಬಿಡುವವರಲ್ಲ. ಮಾವ ಒಂದು ಕ್ಷಣವೂ ತಡವರಿಸದೆ ಕೈಮುಗಿದು, “ಮುಂದಕ್ಕೆ ಹೋಗಪ್ಪಾ” ಎಂದರು. ಆ ದನಿಗೆ ಯಾವ ದೇಶದಲ್ಲೂ ಅನುವಾದ ಬೇಡ. ಎಲ್ವಿಸ್ ಮುಂದಕ್ಕೆ ಹೋದ.

ಹೊರಡುವ ದಿನ ಊರಿನ ಸ್ವಾಗತ ಫಲಕ ನೋಡಲು ಹೋದೆವು. 1959ರಲ್ಲಿ ಬೆಟ್ಟಿ ವಿಲ್ಲಿಸ್ ಎಂಬ ಮಹಿಳೆ ರೂಪಿಸಿದ್ದು. ಆಕೆ ಅದರ ಹಕ್ಕು ಕಾಯ್ದಿರಿಸಲಿಲ್ಲ, ಊರಿಗೆ ಕಾಣಿಕೆಯಾಗಿ ಬಿಟ್ಟರು. ಇದನ್ನು ಕೇಳಿ ಮಾವ ಫಲಕಕ್ಕೆ ನಮಸ್ಕಾರ ಮಾಡಿದರು. ಫಲಕ ನಿಂತ ಜಾಗ ಲಾಸ್ ವೇಗಸ್ ನಗರದ ಗಡಿಯ ಹೊರಗಿದೆ, ಇಷ್ಟು ದಿನ ನೋಡಿದ ದೊಡ್ಡ ಹೋಟೆಲುಗಳೆಲ್ಲ ಹೆಚ್ಚುಕಮ್ಮಿ ಹಾಗೇ, ಎಂದಾಗ ಮಾತ್ರ ಮುಖ ಗಂಟಿಕ್ಕಿದರು. “ಹಾಗಾದರೆ ನಾವು ಊರಿಗೇ ಬಂದಿಲ್ಲವೇನೋ?” ಡೈರಿಯಲ್ಲಿ ಇನ್ನೊಂದು ‘ಬಾಕಿ’ ಬಿತ್ತು.

ಮರುಭೂಮಿಯ ನಡುವೆ ಬೇಕರ್ ಎಂಬ ಸಣ್ಣ ಊರಿನಲ್ಲಿ ಪೆಟ್ರೋಲಿಗೆ ನಿಂತೆ. ಅಲ್ಲೊಂದು 134 ಅಡಿಯ ಥರ್ಮಾಮೀಟರ್ ಇದೆ. 1913ರಲ್ಲಿ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟಿನ ನೆನಪಿಗೆ. ಮಾವ ಅದನ್ನೂ ಪಟ್ಟಿಗೆ ಸೇರಿಸಲು ಇಳಿದರು. ಅತ್ತೆ ಮೆಲ್ಲಗೆ ನನ್ನ ಪಕ್ಕ ಬಂದು ಪರ್ಸಿನಿಂದ ಒಂದು ಚೀಟಿ ತೋರಿಸಿದರು. ಜೂಜಿನ ಯಂತ್ರ ಗೆದ್ದವರಿಗೆ ಕೊಡುವ ವೋಚರ್. ಮೂವತ್ತೆಂಟು ಡಾಲರ್ ನಲವತ್ತು ಸೆಂಟು.

“ಲಿವರ್‌ಮೋರ್ ದೇವಸ್ಥಾನದ ಮಂಗಳಾರತಿ ತಟ್ಟೆಗೆ ಅಂತ ಇಟ್ಟಿದ್ದ ಒಂದು ಡಾಲರ್ ಕಣೋ. ಆನೆ ಚಿತ್ರ ಇತ್ತು, ಗಣಪತಿ ಅಂದ್ಕೊಂಡು ಹಾಕಿದೆ. ಇದನ್ನ ಎಲ್ಲಿ ಕೊಟ್ಟರೆ ದುಡ್ಡು ಕೊಡ್ತಾರೆ?”

ಅದು ನೂರೈವತ್ತು ಕಿಲೋಮೀಟರ್ ಹಿಂದೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಚೀಟಿ ನನ್ನ ಜೇಬಿಗೆ ಹಾಕಿಕೊಂಡು ನಲವತ್ತು ಡಾಲರ್ ಅವರ ಕೈಗಿಟ್ಟೆ. ಅತ್ತೆ ನೆಟ್ಟಗೆ ಅಂಗಡಿಗೆ ಹೋಗಿ ಮೂರು ಐಸ್‌ಕ್ರೀಂ ತಂದರು.

ಮಾವ ತಮ್ಮದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಎಷ್ಟೇ ಇದಕ್ಕೆ?”

“ಪುಕ್ಕಟೆ.”

ಹೊರಗೆ ಬೆಂಕಿಯಂಥ ಬಿಸಿಲು. ಮಾವ ಒಂದು ಸಲ ಚೀಪಿ, ಎಡಗೈಯಲ್ಲೇ ಡೈರಿ ಬಿಡಿಸಿ ಬರೆದುಕೊಂಡರು: ‘ಐಸ್‌ಕ್ರೀಂ, 3, ಉಚಿತ.’ ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಮೊದಲ ಬಾರಿಗೆ ವೋಚರ್ ಕೇಳಲಿಲ್ಲ.