ಬರೀ ಗಾಳಿ ತಾನೇ?

ಪೀಣ್ಯದ ಶೆಡ್ಡೊಂದರ ಯಜಮಾನರು ಹೊಸ ಏರ್ ಕಂಪ್ರೆಸರ್ ತಂದ ದಿನ ಅದಕ್ಕೆ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಪಕ್ಕದ ಶೆಡ್ಡಿನವರಿಗೂ ಸಿಹಿ ಹಂಚಿದರು. ಪೈಪಿನ ಮಾತು ಬಂದಾಗ ಮಾತ್ರ ಕೈ ಬಿಗಿಯಾಯಿತು. "ಮನೆ ಕಟ್ಟಿಸಿದಾಗ ಉಳಿದ ಪಿವಿಸಿ ಅಟ್ಟದ ಮೇಲಿದೆ. ಒಳಗೆ ಹೋಗೋದು ಬರೀ ಗಾಳಿ ತಾನೇ?"

ಆನೆ ಕೊಂಡು ಅಂಕುಶಕ್ಕೆ ಚೌಕಾಸಿ!

ಫಿಟ್ಟರ್ ಮೇಸ್ತ್ರಿ ಏಣಿಯಿಂದ ಇಳಿದೇಬಿಟ್ಟರು. "ಸಾರ್, ನೀರಿನ ಪೈಪು ಒಡೆದ್ರೆ ಬಟ್ಟೆ ಒದ್ದೆಯಾಗುತ್ತೆ. ಗಾಳಿದು ಒಡೆದ್ರೆ ಬಟ್ಟೆಯೊಳಗೆ ಇರೋರೇ ಉಳಿಯಲ್ಲ."

ಮಾತು ಒರಟು, ಲೆಕ್ಕ ಸರಿ. ನೀರು ಕುಗ್ಗುವುದಿಲ್ಲ, ಪೈಪು ಬಿರುಕು ಬಿಟ್ಟೊಡನೆ ಒತ್ತಡ ಇಳಿದುಹೋಗುತ್ತದೆ. 7 ಬಾರ್‌ಗೆ ಅದುಮಿದ ಗಾಳಿಯೋ ಎಂಟನೇ ಒಂದು ಪಾಲಿನಷ್ಟು ಜಾಗದಲ್ಲಿ ಸ್ಪ್ರಿಂಗಿನಂತೆ ಮುದುಡಿ ಕೂತಿರುತ್ತದೆ. ಪಿವಿಸಿ ಬಿಸಿಗೆ ಬಲ ಕಳೆದುಕೊಂಡು, ಒಡೆದರೆ ಚೂಪು ಚೂರುಗಳಾಗಿ ಸಿಡಿಯುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ 1988ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಅಟ್ಟದ ಪೈಪು ಅಟ್ಟದಲ್ಲೇ ಉಳಿಯಿತು.

ತಾಮ್ರದ ದರ ಕೇಳಿ ಯಜಮಾನರು ನೀರು ಕುಡಿದರು. ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ, ಥ್ರೆಡ್ ಹೊಡೆಯುವ ಗೋಜಿಲ್ಲ. ಬೆಲೆ ಮಾತ್ರ ಹಗುರವಲ್ಲ. ವರ್ಷ ಕಳೆದಂತೆ ಒಳಗೆ ತುಕ್ಕು ಹಿಡಿದರೂ ಬಜೆಟ್ಟಿಗೆ ಹೊಂದಿದ್ದು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು.

"ಒಂದಿಂಚು ಯಾಕೆ? ಅರ್ಧ ಇಂಚು ಸಾಲದೇ?" ಇದು ಮುಂದಿನ ತಕರಾರು. ಅಷ್ಟೇ ಗಾಳಿಯನ್ನು ಅರ್ಧ ವ್ಯಾಸದ ಪೈಪಿಗೆ ನೂಕಿದರೆ ಒತ್ತಡದ ನಷ್ಟ ಸುಮಾರು 32 ಪಟ್ಟಾಗುತ್ತದೆ. ಮೂಲೆಯ ಸ್ಪ್ರೇ ಗನ್ ಪೇಂಟ್ ಹೊಡೆಯುವ ಬದಲು ಕೆಮ್ಮತೊಡಗುತ್ತದೆ.

ಪೈಪು ಕಟ್ಟಿ ಮುಗಿದಾಗ ಯಜಮಾನರು ಒಂದು ಕಣ್ಣು ಮುಚ್ಚಿ ನೋಡಿದರು. "ಸೊಟ್ಟಗಿದೆಯಲ್ಲ ಮೇಸ್ತ್ರಿ?" ಸೊಟ್ಟಗೇ ಇರಬೇಕು, 100 ಅಡಿಗೆ ಒಂದಡಿ ಇಳಿಜಾರು. ಅದುಮಿದ ಗಾಳಿ ತಣಿದಾಗ ಅದರ ತೇವ ನೀರಾಗುತ್ತದೆ. ಆ ನೀರು ತುದಿಯ ಡ್ರೈನ್ ವಾಲ್ವಿಗೆ ಹರಿಯಬೇಕು. ಕವಲುಗಳೂ ಪೈಪಿನ ನೆತ್ತಿಯಿಂದ ಹೊರಟು, ಕೊಕ್ಕರೆಯ ಕತ್ತಿನಂತೆ ಬಾಗಿ ಇಳಿಯಬೇಕು. ಹೊಟ್ಟೆಯಿಂದ ತೆಗೆದರೆ ಪೇಂಟಿನ ಜೊತೆ ತುಂತುರು ಮಳೆ ಉಚಿತ.

ಕೊನೆಗೆ ಸೋಪಿನ ನೊರೆ ಹಚ್ಚಿದಾಗ ಎರಡು ಜಾಯಿಂಟುಗಳಲ್ಲಿ ಗುಳ್ಳೆ ಎದ್ದವು. "ಬರೀ ಗಾ..." ಎನ್ನುವಷ್ಟರಲ್ಲಿ ಮೇಸ್ತ್ರಿ ಲೆಕ್ಕ ಒಪ್ಪಿಸಿದರು: 3 ಮಿಲಿಮೀಟರ್ ತೂತು ಸಾಕು, ಗಂಟೆಗೆ ಸುಮಾರು 3 ಯೂನಿಟ್ ಕರೆಂಟು ಗಾಳಿಪಾಲು. ಯಜಮಾನರೇ ಸ್ಪ್ಯಾನರ್ ಎತ್ತಿಕೊಂಡರು.

ನಿಮ್ಮದೂ ಒಂದು ವರ್ಕ್‌ಶಾಪ್ ಇದ್ದರೆ, ಮೆಷಿನ್ನುಗಳೆಲ್ಲ ನಿಂತ ಮೇಲೆ ಲೈನಿನಲ್ಲಿ ಗಾಳಿ ತುಂಬಿಸಿಟ್ಟು ಎರಡು ನಿಮಿಷ ಸುಮ್ಮನೆ ನಿಂತು ಕೇಳಿ. 'ಸ್ಸ್' ಎಂದರೆ ಹಾವೆಂದು ಓಡಬೇಡಿ. ಸೋಪಿನ ನೀರು ತನ್ನಿ.